ಮಹಡಿ ಮೇಲಿನ ತೆಲುಗು

ಆ ಹುಡುಗಿಯನ್ನು ಮನೆಗೆ ಕರೆದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಅವಳು ಅಕ್ಕನ ಹುಡುಗಿಯಾಗಿಬಿಟ್ಟಳು. "ಮೇಲಿನ ಮನೆಗೆ ಟೇಪ್ ರೆಕಾರ್ಡರ್ ಹಿಡ್ಕೊಂಡು ಬರ್ತಾಳಲ್ಲ, ಆ ಹುಡುಗಿ" ಎಂದೇ ಬೀದಿಯವರು ಗುರುತಿಸುತ್ತಿದ್ದರು. ಅವಳು ಮೊದಲು ಬಂದದ್ದು ಕೆಳಗಿನ ಮನೆಗೆ, ನನ್ನ ಮನೆಗೆ.

ಎರಡು ಸಾವಿರದ ಐದೋ ಆರೋ ಇಸವಿ ಇರಬೇಕು. ಬಸವೇಶ್ವರನಗರದಲ್ಲಿ ನಮ್ಮ ಮಾವ ಕಟ್ಟಿಸಿದ ಮನೆ. ಕೆಳಗೆ ನಾನು, ನನ್ನ ಗಂಡ, ಎಂಟು ವರ್ಷದ ಮಗಳು. ಮಹಡಿಯ ಮೇಲೆ ಭಾವ ಮತ್ತು ಅಕ್ಕ. ಅಕ್ಕ ಎಂದರೆ ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ನನಗಿಂತ ಹನ್ನೆರಡು ವರ್ಷ ದೊಡ್ಡವರು. ಅವರ ಮಗಳನ್ನು ಆಗಲೇ ತುಮಕೂರಿಗೆ ಕೊಟ್ಟಾಗಿತ್ತು. ಭಾವ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸಕ್ಕೆ ಹೋಗುತ್ತಿದ್ದರು. ನನ್ನ ಗಂಡ ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತರು. ಅತ್ತೆ ತೀರಿಕೊಂಡು ಎರಡು ವರ್ಷ ಕಳೆದಿತ್ತು.

ಮನೆ ಮಾತು ತೆಲುಗು. ನಮ್ಮ ಜನ ಒಂದು ಕಾಲಕ್ಕೆ ಮಗ್ಗದವರು. ಅತ್ತ ನೆಲ್ಲೂರಿನಿಂದ ಇತ್ತ ಮಾಗಡಿಯವರೆಗೆ ಹರಡಿಕೊಂಡಿದ್ದಾರೆ. ಕೆಲವು ಮನೆಗಳಲ್ಲಿ ತೆಲುಗು, ಕೆಲವು ಮನೆಗಳಲ್ಲಿ ಕನ್ನಡ. ಹೆಣ್ಣು ಕೊಡುವುದು ತರುವುದಕ್ಕೆ ಅದೇನೂ ಅಡ್ಡಿಯಿಲ್ಲ. ನಾನು ಹುಟ್ಟಿದ್ದು ನೆಲ್ಲೂರಿನ ಹತ್ತಿರ, ನನ್ನ ಅಪ್ಪ ಹೈಸ್ಕೂಲಿನಲ್ಲಿ ತೆಲುಗು ಮೇಷ್ಟ್ರು. ಊಟಕ್ಕೆ ಕೂತಾಗಲೂ ನಮ್ಮ ಮಾತು ತಿದ್ದುತ್ತಿದ್ದರು. ಅಕ್ಕ ಹಾಗಲ್ಲ. ಅವರು ಕೆಂಗೇರಿಯ ಹಳೇ ಊರಿನವರು, ತವರಿನ ಮಾತು ಕನ್ನಡ. ಹತ್ತೊಂಬತ್ತನೇ ವಯಸ್ಸಿಗೆ ಈ ಮನೆಗೆ ಬಂದಾಗ ತೆಲುಗಿನ ಒಂದು ಅಕ್ಷರ ಗೊತ್ತಿರಲಿಲ್ಲವಂತೆ.

ಇಷ್ಟು ಗೊತ್ತಿದ್ದವರು ಯಾರೇ ಆದರೂ, ತೆಲುಗಿನ ಬಗ್ಗೆ ಕೇಳಬೇಕಾದರೆ ಯಾರ ಬಾಗಿಲು ತಟ್ಟಬೇಕು?

ನಾನು ಆಗ ಮುಖ್ಯರಸ್ತೆಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಚೀಟಿ ಬರೆದು ಟೋಕನ್ ಕೂಗುವ ಕೆಲಸಕ್ಕಿದ್ದೆ. ಬರುವವರಲ್ಲಿ ತಮಿಳರು, ಉರ್ದು ಮಾತಾಡುವವರು, ಮಾರವಾಡಿಗಳು ಎಲ್ಲರೂ ಇದ್ದರು. ಅವರವರ ಮಾತಿನಲ್ಲೇ ಸಮಾಧಾನ ಹೇಳಿ ಕೂರಿಸುತ್ತಿದ್ದೆ. "ಈಯಮ್ಮ ಒಬ್ರಿದ್ರೆ ಸಾಕು ಕ್ಲಿನಿಕ್ ನಡೆಯುತ್ತೆ" ಎಂದು ಡಾಕ್ಟರು ಹೇಳುತ್ತಿದ್ದದ್ದು ನನ್ನ ತಲೆಗೆ ಸ್ವಲ್ಪ ಏರಿತ್ತು ಅಂತಲೇ ಇಟ್ಟುಕೊಳ್ಳಿ. ಒಂದು ಸಂಜೆ ಜ್ವರವೆಂದು ಬಂದು ಕೂತಿದ್ದ ಹುಡುಗಿ, ನಾನು ಯಾರೋ ಅಜ್ಜಿಗೆ ತೆಲುಗಿನಲ್ಲಿ ಮಾತ್ರೆ ನುಂಗುವ ಕ್ರಮ ಹೇಳುವುದನ್ನು ಕೇಳಿಸಿಕೊಂಡಳು. ಅಜ್ಜಿ ಹೋದ ಮೇಲೆ ನನ್ನ ಮೇಜಿನ ಹತ್ತಿರ ಬಂದಳು.

"ಅಕ್ಕಾರ, ನೀವು ಮನ್ಯಾಗೂ ತೆಲುಗು ಮಾತಾಡ್ತೀರೇನ್ರಿ?"

"ಹೂಂ. ಯಾಕಮ್ಮ?"

ಅವಳು ರಾಯಚೂರು ಕಡೆಯವಳು. ಮಲ್ಲತ್ತಹಳ್ಳಿಯಲ್ಲಿ ರೂಮು ಮಾಡಿಕೊಂಡು ಭಾಷೆಯ ಬಗ್ಗೆ ಪಿಎಚ್‌.ಡಿ. ಮಾಡುತ್ತಿದ್ದಳು. ಬೆಂಗಳೂರಿನಲ್ಲಿ ತಲೆಮಾರುಗಳಿಂದ ಇರುವ ತೆಲುಗು ಮನೆಗಳಲ್ಲಿ ಮಾತು ಹೇಗೆ ಉಳಿದಿದೆ, ಹೇಗೆ ಬದಲಾಗಿದೆ ಎಂದು ತಿಳಿಯಬೇಕಂತೆ. ಮನೆ ಮನೆಗೆ ಹೋಗಿ ಮಾತನ್ನು ಟೇಪ್ ಮಾಡಿಕೊಳ್ಳುತ್ತಾಳಂತೆ. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಮದುವೆಯಾಗಿ ಬಂದು ಹತ್ತು ವರ್ಷದಲ್ಲಿ ನನ್ನ ತೆಲುಗನ್ನು ಕೇಳಬೇಕು ಎಂದು ಬಂದವರು ಇವಳೊಬ್ಬಳೇ.

"ಭಾನುವಾರ ಬಂದುಬಿಡು. ಊಟಕ್ಕೇ ಬಾ" ಎಂದೆ.

ಭಾನುವಾರ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟೆ. ನನ್ನ ಗಂಡ ಪೇಪರಿನಿಂದ ತಲೆಯೆತ್ತಿ, "ಟೇಪ್ ರೆಕಾರ್ಡರ್‌ನಲ್ಲಿ ಸೀರೆ ಕಾಣಲ್ಲ ಕಣೇ" ಎಂದರು. ನಾನು ಕೇಳಿಸದವಳಂತೆ ಹಜಾರದ ಕಿಟಕಿ ಮುಚ್ಚಿ, ಸದ್ದಾಗದಿರಲಿ ಎಂದು ಫ್ಯಾನನ್ನೂ ಆರಿಸಿದೆ. ಹುಡುಗಿ ಬಂದು ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತ ಇದಕ್ಕೇನಂತೀರಿ, ಅದಕ್ಕೇನಂತೀರಿ ಎಂದು ಕೇಳತೊಡಗಿದಳು. ಏಣಿಯ ಚಿತ್ರ ತೋರಿಸಿದಾಗ "ನಿಚ್ಚೆನ" ಎಂದೆ. ಹಲ್ಲಿಗೆ "ಬಲ್ಲಿ" ಎಂದೆ. ಒಂದೂ ತಡವರಿಸಲಿಲ್ಲ. ಅಪ್ಪ ಪಕ್ಕದಲ್ಲಿ ಕೂತಿದ್ದರೆ ಬೆನ್ನು ತಟ್ಟುತ್ತಿದ್ದರು. ಹುಡುಗಿ ತಲೆಯಾಡಿಸುತ್ತ ಕೇಳುತ್ತಿದ್ದಳು, ಆದರೆ ಅವಳ ಮುಖದಲ್ಲಿ ನಾನು ಎಣಿಸಿದ್ದ ಬೆಳಕು ಕಾಣಲಿಲ್ಲ. ಸೆಕೆಗೆ ಸುಸ್ತಾಗಿರಬೇಕು ಅಂದುಕೊಂಡೆ.

ಆಗ ಬಾಗಿಲು ದೂಡಿಕೊಂಡು ಅಕ್ಕ ಒಳಗೆ ಬಂದರು. ಕೈಯಲ್ಲಿ ಅವರೆಕಾಳಿನ ಹುಳಿಯ ಪಾತ್ರೆ. ನಮ್ಮನ್ನು ನೋಡಿ ಹೊಸಿಲಲ್ಲೇ ನಿಂತು, "ಯಾಲ ಈ ಸೆಕೆಲೋ ಕೂಚೋನುಂಡಾರು? ಫ್ಯಾನು ಏಸುಕೋಗೂಡದಾ?" ಎಂದರು. ಯಾಕೆ ಹೀಗೆ ಸೆಕೆಯಲ್ಲಿ ಕೂತಿದ್ದೀರಿ, ಫ್ಯಾನು ಹಾಕಿಕೊಳ್ಳಬಾರದೇ ಎಂದು. 'ಯಾಲ' ಎಂಬ ಮಾತು ನಮ್ಮೂರಲ್ಲಿ ಯಾರ ಬಾಯಲ್ಲೂ ಇಲ್ಲ, ನಾವು 'ಎಂದುಕು' ಅನ್ನುತ್ತೇವೆ. 'ಸೆಕೆ'ಯಂತೂ ಕನ್ನಡ. ನನಗೆ ನಾಚಿಕೆಯಾಯಿತು. ಹುಡುಗಿ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂತಳು. ಅಕ್ಕ ಪಾತ್ರೆಯಿಟ್ಟು, ಫ್ಯಾನು ಹಾಕಿ, ಮೇಲೆ ಹೋದ ತಕ್ಷಣ ಕೇಳಿದಳು:

"ಇವರು ಯಾರ್ರಿ?"

ಮುಂದಿನ ಭಾನುವಾರ ಅವಳು ಬಂದಾಗ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಗೇಟು ಸದ್ದಾಯಿತು, ಚಪ್ಪಲಿಯ ಸದ್ದು ಬಂತು. ಅದು ನನ್ನ ಬಾಗಿಲಿಗೆ ಬರದೆ ಮೆಟ್ಟಿಲು ಹತ್ತಿ ಹೋಯಿತು. ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದು ನೋಡಿದೆ. ಮೇಲಿನಿಂದ ಅಕ್ಕನ ನಗು ಕೇಳಿಸಿತು. ರವೆ ಸೀದುಹೋಯಿತು.

ಅಲ್ಲಿಂದ ಅದೇ ಪರಿಪಾಠವಾಯಿತು. ಹುಡುಗಿ ಮೇಲೆ ಹೋಗಿ ಗಂಟೆಗಟ್ಟಲೆ ಕೂರುವಳು. ಇಳಿಯುವಾಗ, ಮರ್ಯಾದೆಗೆ ಎಂಬಂತೆ, ನನ್ನ ಬಾಗಿಲಲ್ಲಿ ನಿಂತು "ಬರ್ತೀನ್ರಿ ಅಕ್ಕಾರ" ಎನ್ನುವಳು. ನಾನು ಕಾಫಿ ಕುಡಿದು ಹೋಗೆಂದರೆ "ಮ್ಯಾಲೆ ಕುಡದೆ ರೀ" ಎನ್ನುವಳು. ಅಕ್ಕ ಕಾಫಿಗೆ ಬೆಲ್ಲ ಹಾಕುತ್ತಾರೆ, ಡಿಕಾಕ್ಷನ್ ನೀರು ನೀರು. ಅದನ್ನು ಕುಡಿದು ನನ್ನ ಫಿಲ್ಟರ್ ಕಾಫಿ ಬೇಡವೆನ್ನುವವಳ ನಾಲಿಗೆ ಬಗ್ಗೆಯೇ ನನಗೆ ಅನುಮಾನ ಬಂತು.

ಒಂದು ದಿನ ತಡೆಯಲಾಗಲಿಲ್ಲ. ಗೇಟಿನ ಹತ್ತಿರ ಅವಳನ್ನು ನಿಲ್ಲಿಸಿದೆ.

"ನೋಡಮ್ಮ, ನಿನ್ನ ಓದಿಗೆ ತೊಂದರೆ ಆಗಬಾರದು ಅಂತ ಹೇಳ್ತಾ ಇದೀನಿ. ಅಕ್ಕನ ತವರಿನ ಮಾತು ಕನ್ನಡ. ಅವರು ಮಾತಾಡೋದು ತೆಲುಗೇ ಅಲ್ಲ. ಏಣಿಗೆ ಏನಂತಾರೆ ಕೇಳು, ಏಣಿ ಅಂತಲೇ ಅಂತಾರೆ."

"ಕೇಳೀನ್ರಿ. ಹಂಗೇ ಅಂತಾರ."

"ಮತ್ತೆ?"

ಹುಡುಗಿ ಚೀಲವನ್ನು ಆ ಹೆಗಲಿನಿಂದ ಈ ಹೆಗಲಿಗೆ ಹಾಕಿಕೊಂಡಳು. "ಪುಸ್ತಕದಾಗಿನ ತೆಲುಗು ಬೇಕಂದ್ರ ನಾ ಪುಸ್ತಕ ತಗೋತಿದ್ದೆ ರೀ ಅಕ್ಕಾರ. ನನಗ ಈ ಮನೀ ತೆಲುಗು ಬೇಕಾಗೇತಿ. ದೊಡ್ಡಕ್ಕಾರ ಮಾತು ನಿಮ್ಮ ಅತ್ತಿ ಮಾತು ಅಂತ್ರೀ. ಅವರ ಅತ್ತಿ ಹೆಂಗ ಕಲಿಸಿದ್ರೋ ಹಂಗ ಇಟ್ಕೊಂಡಾರ. ನಿಮ್ಮದು ನೆಲ್ಲೂರಿಂದು. ಛೊಲೋ ಐತಿ. ಆದ್ರ ಈ ಮನೀದಲ್ಲ."

ಈ ಮನೆಯದಲ್ಲ. ಹತ್ತು ವರ್ಷ ಈ ಮನೆಯ ಹೊಸಿಲು ಸಾರಿಸಿದವಳಿಗೆ ಬೀದಿಯಲ್ಲಿ ನಿಂತು ಹೀಗೆ ಹೇಳಿ, ಅವಳು ಬಸ್ಸಿಗೆ ಹೋದಳು.

ಅತ್ತೆಯ ಮಾತು ನನಗೆ ಯಾಕೆ ಬರಲಿಲ್ಲ ಎನ್ನುವುದನ್ನೂ ಹೇಳಬೇಕು. ನನ್ನ ಮದುವೆಯ ಊಟದ ಪಂಕ್ತಿಯಲ್ಲಿ ಅತ್ತೆ ಸಂಭ್ರಮದಿಂದ ಓಡಾಡುತ್ತ, ನಮ್ಮ ಕಡೆಯವರನ್ನು "ಸಾಕಾ? ಇಂಗ ಕೊಂಚೆಂ ಏಸ್ಕೋಂಡಿ", ಸಾಕೇ, ಇನ್ನೂ ಸ್ವಲ್ಪ ಹಾಕಿಸಿಕೊಳ್ಳಿ ಎಂದು ಉಪಚರಿಸುತ್ತಿದ್ದರು. ಬೆಂಗಳೂರಿನ ತೆಲುಗರು ಕನ್ನಡದ 'ಸಾಕು' ಎಂಬುದನ್ನೇ ಬಳಸುತ್ತಾರೆ. ನಮ್ಮ ಕಡೆ 'ಸಾಕು' ಎಂದರೆ ನೆಪ. ನನ್ನ ಚಿಕ್ಕಪ್ಪ ಎಲೆಯ ಮುಂದೆ ಕೂತು, "ತಿನ್ನೋದಕ್ಕೂ ನೆಪ ಬೇಕೇನಮ್ಮ?" ಎಂದು ತೆಲುಗಿನಲ್ಲಿ ಗಟ್ಟಿಯಾಗಿ ಕೇಳಿದರು. ಇಡೀ ಪಂಕ್ತಿ ನಕ್ಕಿತು. ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಕೆಟ್ಟನ್ನು ಬೇರೆ ಯಾರದೋ ಕೈಗೆ ಕೊಟ್ಟು ಒಳಗೆ ಹೋದರು.

ಮಾರನೆಯ ದಿನ ನಾನು ಮನೆ ತುಂಬಿದಾಗ ಅವರು ನನ್ನೊಂದಿಗೆ ಆಡಿದ ಮೊದಲ ಮಾತು, "ಬಾಮ್ಮ, ಕೈಕಾಲು ತೊಳ್ಕೊ." ಕನ್ನಡ. ನನಗೆ ಆಗ ಕನ್ನಡವೇ ಬರುತ್ತಿರಲಿಲ್ಲ. ನಾನು ತೆಲುಗಿನಲ್ಲಿ ಕೇಳಿದರೆ ಅವರು ಕನ್ನಡದಲ್ಲಿ ಉತ್ತರಿಸುವರು. ಹಾಗೇ ನಾನು ಕನ್ನಡ ಕಲಿತೆ. ಒಗ್ಗರಣೆಗೆ ಯಾವಾಗ ಇಂಗು ಹಾಕಬೇಕು, ಹಾಲಿಗೆ ಹೇಗೆ ಹೆಪ್ಪು ಹಾಕಬೇಕು ಎಲ್ಲ ಕನ್ನಡದಲ್ಲಿ. ಮಹಡಿ ಮೇಲೆ ಹೋಗಿ ಹಿರಿ ಸೊಸೆಯ ಹತ್ತಿರ ಕೂತರೆ ಮಾತ್ರ ಅವರ ತೆಲುಗು ಹೊಳೆ ಹರಿದ ಹಾಗೆ. ಮೆಟ್ಟಿಲ ಕೆಳಗೆ ನಿಂತರೆ ನನಗದು ಕೇಳಿಸುತ್ತಿತ್ತು. ನಾನು ಮೇಲೆ ಹೋದರೆ ಹೊಳೆ ನಿಂತು, "ಏನಮ್ಮ, ಅಡಿಗೆ ಆಯ್ತಾ?" ಎನ್ನುವರು.

ತೆಲುಗಿನವಳಿಗೆ ಕನ್ನಡ, ಕನ್ನಡದವಳಿಗೆ ತೆಲುಗು. ಇದನ್ನು ಹತ್ತು ವರ್ಷ ನುಂಗಿಕೊಂಡಿದ್ದೆ. ಆ ಹುಡುಗಿ ಬಂದು ಅದನ್ನೆಲ್ಲ ಮತ್ತೆ ಗಂಟಲಿಗೆ ತಂದಳು.

ಸರಿ, ಈ ಮನೆಯ ತೆಲುಗೇ ತಾನೆ ಬೇಕು ಎಂದು ನಾನೂ ಹಟ ತೊಟ್ಟೆ. ಅಷ್ಟು ವರ್ಷ ಮೆಟ್ಟಿಲ ಕೆಳಗೆ ನಿಂತು ಕೇಳಿದ್ದು ಸುಮ್ಮನೆ ಹೋಗುತ್ತದೆಯೇ? ಅಡುಗೆ ಮನೆಯಲ್ಲಿ ಒಬ್ಬಳೇ ಇದ್ದಾಗ ಹೇಳಿಕೊಂಡು ನೋಡಿದೆ. 'ಎಂದುಕು' ಬಿಟ್ಟು 'ಯಾಲ', ಇದ್ದಾನೆ ಎನ್ನಲು 'ಉನ್ನಾಡು' ಬಿಟ್ಟು 'ಉಂಡಾಡು'. ನಾಲಿಗೆ ಹೊರಳಿತು. ಮುಂದಿನ ವಾರ ಹುಡುಗಿಯನ್ನು ಕ್ಲಿನಿಕ್ಕಿನ ಹತ್ತಿರವೇ ಹಿಡಿದು ಮನೆಗೆ ಕರೆತಂದು, ಬಾಗಿಲು ಹಾಕಿ, "ಇವತ್ತು ನನ್ನದು ಮಾಡಿಕೋ" ಎಂದೆ. ಅವಳು ಇಲ್ಲವೆನ್ನಲಿಲ್ಲ. ಗುಂಡಿ ಒತ್ತಿದಳು. ನಾನು ನನ್ನ ಬಾಣಂತನದ ಕಥೆ ಶುರು ಮಾಡಿದೆ. ಹೆಜ್ಜೆ ಹೆಜ್ಜೆಗೂ ಯಾಲ, ಉಂಡಾಡು, ಅಟ್ಲ, ಇಟ್ಲ.

ಸ್ವಲ್ಪ ಹೊತ್ತಾದ ಮೇಲೆ ಹುಡುಗಿಯ ತುಟಿಯಂಚು ಅಲುಗಿತು.

"ಅಕ್ಕಾರ, ಇವತ್ತು ನೀವು ದೊಡ್ಡಕ್ಕಾರ ಗತೆ ಮಾತಾಡಾಕತ್ತೀರಲ್ರಿ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನಿಜ. ಆದರೂ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗಿಯಂತೆ ನನ್ನ ಕಿವಿ ಬಿಸಿಯಾಯಿತು. "ಒಂದೇ ಮನೆ ಅಲ್ವೇನಮ್ಮ, ಹಾಗೇ ಬರುತ್ತೆ" ಎಂದು ಎದ್ದು ಕಾಫಿ ತರಲು ಹೋದೆ. ಅಡುಗೆ ಮನೆಯಲ್ಲಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ. ಹಿಂದಿರುಗಿದಾಗ ಅವಳು ಟೇಪ್ ಆರಿಸಿದ್ದಳು. ಕಾಫಿ ಕುಡಿಯುತ್ತ, ತನ್ನ ಮನೆ ಮಾತು ಲಂಬಾಣಿ, ಅವ್ವ ಇವತ್ತಿಗೂ ಅದರಲ್ಲೇ ಮಾತಾಡಿಸುತ್ತಾಳೆ, ತಾನು ಮಾತ್ರ ಕನ್ನಡದಲ್ಲಿ ಉತ್ತರ ಕೊಡುತ್ತೇನೆ ಎಂದಳು. "ಯಾಕಮ್ಮ?" ಎಂದೆ. "ಹಾಸ್ಟೆಲ್ದಾಗ ಬೆಳದೆ ರೀ. ಈಗ ಮಾತಾಡಾಕ ಹೋದ್ರ ಅವ್ವಗ ನಗು ಬರ್ತೈತಿ" ಎಂದು ಲೋಟ ಕೆಳಗಿಟ್ಟಳು. ಬೇರೆ ಸಮಯವಾಗಿದ್ದರೆ ಅವಳನ್ನು ಹತ್ತಿರ ಕೂರಿಸಿಕೊಳ್ಳುತ್ತಿದ್ದೆನೇನೋ. ಆಗ ನನಗೆ ನನ್ನ ಸಂಕಟವೇ ದೊಡ್ಡದಾಗಿತ್ತು.

ಇದಾಗಿ ಸ್ವಲ್ಪ ದಿನಕ್ಕೆ ಒಂದು ಸಂಜೆ ಒಗೆದ ಬಟ್ಟೆಯ ಬಕೆಟ್ ಹಿಡಿದು ತಾರಸಿಗೆ ಹೊರಟಿದ್ದೆ. ಅಕ್ಕನ ಅಡುಗೆ ಮನೆಯ ಕಿಟಕಿ ಮೆಟ್ಟಿಲ ಕಡೆಗೇ ತೆರೆಯುತ್ತದೆ. ಒಳಗಿನಿಂದ ಮಗುವಿನ ದನಿ.

"ಪೆದ್ದಮ್ಮಾ, ನಾಕು ಇಂಗ ಸಾಕು. ಕಡುಪು ನಿಂಡಿಪೋಯ."

ದೊಡ್ಡಮ್ಮಾ, ನನಗಿನ್ನು ಸಾಕು, ಹೊಟ್ಟೆ ತುಂಬಿಹೋಯಿತು. ಹೇಳುತ್ತಿದ್ದವಳು ನನ್ನ ಮಗಳು. ನನಗೆ ಗೊತ್ತಿದ್ದ ಮಟ್ಟಿಗೆ ತೆಲುಗಿನಲ್ಲಿ ಒಂದು ಪೂರ್ತಿ ಮಾತು ಆಡದ ಮಗಳು! ಒಂದು ಬೇಸಿಗೆ ರಜೆಯಲ್ಲಿ ಸ್ಲೇಟು ಕೊಟ್ಟು ತೆಲುಗು ಅಕ್ಷರ ತಿದ್ದಿಸಲು ನೋಡಿದ್ದೆ. ಎರಡೇ ದಿನಕ್ಕೆ ಸ್ಲೇಟು ಮಂಚದ ಕೆಳಗೆ ಸೇರಿತ್ತು. ನಾನು ತೆಲುಗಿನಲ್ಲಿ ಕೂಗಿದರೆ "ಏನಮ್ಮಾ?" ಎಂದು ಕನ್ನಡದಲ್ಲೇ ಓಗೊಡುವ ಮಗಳು, ಇಲ್ಲಿ ಮೊಸರನ್ನದ ತಟ್ಟೆಯ ಮುಂದೆ ಕೂತು ಅಕ್ಕನೊಂದಿಗೆ ಚಟಪಟ ಮಾತಾಡುತ್ತಿದ್ದಳು. ಸ್ಕೂಲಿನಲ್ಲಿ ಯಾರೋ ಬಿದ್ದದ್ದು, ಮಿಸ್ ಬೈದದ್ದು, ನನಗೆ ಹೇಳದ್ದೆಲ್ಲ.

"ಕಿಂದಿಕಿ ರಾ!" ಕೆಳಗೆ ಬಾ ಎಂದು ಕಿಟಕಿಯಿಂದಲೇ ಕೂಗಿದೆ.

ಮಗಳು ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದು, "ಬಂದೆ ಅಮ್ಮ. ಏನು?" ಎಂದಳು.

ಕೆಳಗೆ ಕರೆದುಕೊಂಡು ಹೋಗಿ ಕೂರಿಸಿ ಕೇಳಿದೆ. "ದೊಡ್ಡಮ್ಮನ ಹತ್ರ ತೆಲುಗು ಮಾತಾಡ್ತೀಯ. ನನ್ನ ಹತ್ರ ಯಾಕೆ ಮಾತಾಡಲ್ಲ?"

"ನೀನು ತಪ್ಪು ಅಂತೀಯ."

"ದೊಡ್ಡಮ್ಮ ಅನ್ನಲ್ವಾ?"

"ಪೆದ್ದಮ್ಮಂಗೆ ಯಾವ್ದು ತಪ್ಪು ಅಂತಾನೇ ಗೊತ್ತಿಲ್ಲ" ಎಂದು, ಇದೇನು ಇಷ್ಟು ಸುಲಭದ ಪ್ರಶ್ನೆ ಎನ್ನುವಂತೆ ನನ್ನನ್ನು ನೋಡಿ ಆಟಕ್ಕೆ ಓಡಿದಳು.

ಆಮೇಲಿನ ದಿನಗಳಲ್ಲಿ ನಾನು ಸಣ್ಣ ಬುದ್ಧಿಯನ್ನೆಲ್ಲ ತೋರಿಸಿದೆ. ಮಗಳನ್ನು ಸಂಜೆ ಟ್ಯೂಷನ್ನಿಗೆ ಹಾಕಿದೆ, ಮೇಲೆ ಹೋಗಲು ಹೊತ್ತು ಸಿಗದಿರಲೆಂದು. ಅಕ್ಕ ಕಳಿಸಿದ ಸಾರನ್ನು ಫ್ರಿಜ್ಜಿನಲ್ಲಿಟ್ಟು ಮರೆತೆ. ಅಕ್ಕ ತೆಲುಗಿನಲ್ಲಿ ಮಾತಾಡಿಸಿದರೆ ಕನ್ನಡದಲ್ಲಿ ಚುಟುಕಾಗಿ ಉತ್ತರಿಸಿದೆ. ಅವರಿಗೆ ಗೊತ್ತಾಗುತ್ತಿತ್ತೋ ಇಲ್ಲವೋ, ಮುಖದಲ್ಲೇನೂ ಕಾಣುತ್ತಿರಲಿಲ್ಲ. ಅದಕ್ಕೂ ನನಗೆ ಹೊಟ್ಟೆ ಉರಿಯುತ್ತಿತ್ತು.

ಹುಡುಗಿಯ ಕೆಲಸ ಮುಗಿಯುತ್ತ ಬಂದಿತ್ತು. ಒಂದು ಭಾನುವಾರ ಮಧ್ಯಾಹ್ನ ನಾನು ಗಂಡನಿಗೆ ಬಡಿಸುತ್ತಿದ್ದೆ. ಮೇಲೆ ಅವಳು ತಾನು ಮಾಡಿಕೊಂಡದ್ದನ್ನು ಅಕ್ಕನಿಗೆ ಹಾಕಿ ಕೇಳಿಸುತ್ತಿದ್ದಳೆಂದು ಕಾಣುತ್ತದೆ. ಅಕ್ಕನಿಗೆ ಸ್ವಲ್ಪ ಕಿವಿ ಮಂದ, ದನಿ ಜೋರಾಗಿಟ್ಟಿದ್ದರು. ಕಿಟಕಿಯಿಂದ ಮಾತು ಇಳಿದು ಬಂತು. ರಾಜಾಜಿನಗರದ ಬಾಡಿಗೆ ಮನೆಯಲ್ಲಿದ್ದಾಗ ಬೀದಿ ನಲ್ಲಿಯಲ್ಲಿ ನೀರು ಹಿಡಿಯಲು ಜಗಳ ಆಗುತ್ತಿದ್ದ ಕಥೆ. "ಅಟ್ಲ ಅಂಟಿವಾ, ಇಟ್ಲ ಇನು..." ಹಾಗಂತೀಯಾ, ಇಲ್ಲಿ ಕೇಳು ಎಂದು ಅತ್ತೆ ಯಾವ ಕಥೆಯನ್ನಾದರೂ ಶುರು ಮಾಡುತ್ತಿದ್ದದ್ದು ಹೀಗೆಯೇ. ಟೇಪಿನ ಗೊರಗೊರದಲ್ಲಿ ಅಕ್ಕನ ದನಿಯ ಗುರುತೇ ಹೋಗಿ, ಆ ಎಳೆತ, ಆ ನಡುನಡುವಿನ ಉಸಿರು ಮಾತ್ರ ಉಳಿದಿತ್ತು.

ನನ್ನ ಗಂಡನ ಕೈ ಎಲೆಯ ಮೇಲೆ ಹಾಗೇ ನಿಂತಿತು.

"ಅಮ್ಮನ ಮಾತು ಯಾವಾಗ ಟೇಪ್ ಮಾಡಿದ್ರು?" ಎಂದರು.

"ಅತ್ತೆಯದಲ್ಲ. ಅಕ್ಕನದು."

ಅವರು ನಂಬಲಿಲ್ಲ. ಎಂಜಲು ಕೈಯಲ್ಲೇ ಎದ್ದು ಮೆಟ್ಟಿಲು ಹತ್ತಿದರು. ನಾನು ಹಿಂದೆ ಹೋದೆ. ಬಾಗಿಲಲ್ಲಿ ನಿಂತು, ತಲೆ ಒಂದು ಕಡೆ ವಾಲಿಸಿ, ಕಥೆ ಮುಗಿಯುವವರೆಗೆ ಕೇಳಿದರು. ಅತ್ತೆ ತೀರಿಕೊಂಡಾಗ ಹನಿ ನೀರು ತೆಗೆಯದ ಮನುಷ್ಯ ಭುಜದಿಂದ ಕಣ್ಣು ಒರೆಸಿಕೊಂಡರು. "ಅಣ್ಣನಿಗೂ ಕೇಳಿಸಿ ಅತ್ತಿಗೆ" ಎಂದು ತೆಲುಗಿನಲ್ಲಿ ಹೇಳಿದರು. ನನ್ನೊಂದಿಗೆ ಅವರು ಕನ್ನಡ ತೆಲುಗು ಎರಡನ್ನೂ ಕಲಸಿ ಮಾತಾಡುತ್ತಿದ್ದರು. ಕಲಬೆರಕೆಯಿಲ್ಲದ ಅವರ ಅಮ್ಮನ ತೆಲುಗು ಅವರ ಬಾಯಲ್ಲಿ ಇನ್ನೂ ಉಳಿದಿತ್ತೆಂದು ನನಗೆ ಆವತ್ತೇ ತಿಳಿದದ್ದು. ಅದನ್ನೂ ಅಕ್ಕನಿಗೇ ಕೊಟ್ಟರು.

ಆ ವಾರ ಹುಳಿ ಪುಡಿಗೆ ಮೆಣಸಿನಕಾಯಿ, ಧನಿಯ ಒಣಗಿಸಲು ನಾನೂ ಅಕ್ಕನೂ ತಾರಸಿಗೆ ಹೋಗಿದ್ದೆವು. ವರ್ಷಕ್ಕೊಮ್ಮೆ ಎರಡೂ ಮನೆಗೆ ಸೇರಿಸಿ ಮಾಡುವ ಕೆಲಸ. ಹಳೆಯ ಸೀರೆ ಹಾಸಿ ಹರಡುತ್ತಿದ್ದೆವು. ಅಕ್ಕ ತೆಲುಗಿನಲ್ಲಿ ಏನೋ ಕೇಳಿದರು, ಈ ಸಲ ಮೆಂತ್ಯ ಜಾಸ್ತಿ ಹಾಕೋಣವೇ ಎಂದೋ ಏನೋ. ನಾನು ಕೈಯಲ್ಲಿದ್ದ ಮೊರವನ್ನು ಕೆಳಗೆ ಹಾಕಿದೆ.

ನನ್ನ ನೆಲ್ಲೂರು ತೆಲುಗಿನಲ್ಲಿ, ಅಪ್ಪ ಕಲಿಸಿದ ಒಂದು ಅಕ್ಷರವನ್ನೂ ಬಿಡದೆ, ಬಾಯಿಗೆ ಬಂದಂತೆ ಹೇಳಿದೆ. ಅತ್ತೆ ಎಲ್ಲವನ್ನೂ ನಿಮಗೇ ಕೊಟ್ಟು ಹೋದರು. ಮಾತು ಕೊಟ್ಟರು, ಕಥೆ ಕೊಟ್ಟರು. ನನ್ನ ಮಗಳು ನಿಮ್ಮವಳು, ನನ್ನ ಗಂಡ ಕಣ್ಣೀರು ಹಾಕುವುದೂ ನಿಮ್ಮ ಬಾಗಿಲಲ್ಲಿ, ಕೊನೆಗೆ ನಾನು ಕರೆತಂದ ಹುಡುಗಿಯೂ ನಿಮ್ಮವಳೇ. ತೆಲುಗು ನನ್ನದು, ನಿಮ್ಮದಲ್ಲ. ಹೀಗೆಲ್ಲ.

ಅಕ್ಕ ಕುಕ್ಕರುಗಾಲಿನಲ್ಲಿ ಕೂತು ಕೇಳಿದರು. ಆಮೇಲೆ ಕನ್ನಡದಲ್ಲಿ ಮಾತಾಡಿದರು. ನನ್ನೊಂದಿಗೆ ಅವರು ಕನ್ನಡ ಆಡಿದ್ದು ಅದೇ ಮೊದಲಿರಬೇಕು. ಕೆಂಗೇರಿಯ ಹಳೇ ಊರಿನ ಕನ್ನಡ.

"ಕೊಟ್ರಾ? ನಂಗೆ ಯೆಂಗ್ ಕೊಟ್ರು ಅಂತ ಗೊತ್ತೇನೇ ನಿಂಗೆ? ಬಂದ ಹೊಸದ್ರಲ್ಲಿ 'ಒಸಿ ನೀರ್ ಕೊಡಿ ಅತ್ತೆ' ಅಂದ್ರೆ ಕಿವೀನೇ ಕೇಳ್ಸದೋರಂಗೆ ಕುಂತಿರೋರು. 'ನೀಳ್ಳು' ಅನ್ಬೇಕು, ಆಗ ಕೊಡೋರು. ಕನ್ನಡದೋಳು ಬಂದ್ಲು, ಇನ್ ಮನೆ ಮಾತು ಹೋಯ್ತು ಅಂತ ಅವರ್ಗೆ ಭಯ. ನಿಮ್ ಭಾವನೂ ಕೋಣೆ ಒಳಗೆ ತೆಲುಗೇ. ಒಂದ್ ವರ್ಸ ಗಂಟ ಈ ಮನೇಲಿ ಯಾರೂ ನನ್ ಜೊತೆ ಕನ್ನಡ ಆಡ್ಲಿಲ್ಲ. ಬಚ್ಚಲಿಗೆ ಹೋಗಿ ನನ್ ಜೊತೆ ನಾನೇ ಮಾತಾಡ್ಕೊತಿದ್ದೆ."

ಅಕ್ಕ ಒಂದು ಮೆಣಸಿನಕಾಯಿಯ ತೊಟ್ಟು ಮುರಿದು ಹಾಕಿದರು.

"ಈಗ ಅಮ್ಮನ ಮನೆಗೆ ಹೋದ್ರೆ ಹೌದು ಅನ್ನಾಕೆ ಬಾಯ್ತಪ್ಪಿ 'ಅವುನು' ಅಂತೀನಿ. ನಮ್ಮಣ್ಣನ ಮಕ್ಳು ತೆಲುಗತ್ತೆ ಬಂದ್ಲು ಅಂತ ನಗ್ತಾರೆ. ಆಮೇಲ್ ನೀನ್ ಬಂದೆ. ಮೇಷ್ಟ್ರ ಮಗಳು. ಮಾರ್ನೇ ದಿನಾನೇ ನಿನ್ ಜೊತೆ ಬಾಮ್ಮ, ಕೂತ್ಕೋಮ್ಮ ಅಂತ ಕನ್ನಡದಲ್ಲಿ ಮಾತಾಡಿದ್ರು ಅತ್ತೆ. ನಾನು ಮ್ಯಾಲ್ಗಡೆ ನಿಂತ್ಕಂಡು ಕೇಳ್ದೆ. ಆ ಕನ್ನಡನ ನಂಗೆ ಒಂದಿನ ಕೊಟ್ಟಿದ್ರೆ ಸಾಕಿತ್ತು. ಎಷ್ಟ್ ಹೊಟ್ಟೆ ಉರೀತು ಅಂತೀಯ ನಂಗೆ! ಇವತ್ಗೂ ನೀನು ನಿನ್ ಮಗಳ ಜೊತೆ ಕನ್ನಡ ಆಡ್ವಾಗ ಅತ್ತೆ ಆಡ್ದಂಗೇ ಆಡ್ತೀಯ. ನಂಗೆ ಕೆಳಗಡೆ ಬರಾಕೇ ಮನಸಾಗಲ್ಲ."

ಗಾಳಿಗೆ ಸೀರೆಯ ಅಂಚು ಮಡಚಿಕೊಂಡು ಧನಿಯ ಒಂದು ಕಡೆಗೆ ಉರುಳಿತು. ಇಬ್ಬರೂ ಬಗ್ಗಿ ಸರಿಮಾಡಿದೆವು. ನನ್ನ ಕನ್ನಡದ ಮೇಲೆ ಯಾರಾದರೂ ಕಣ್ಣಿಟ್ಟಿರಬಹುದೆಂದು ನನಗೆ ಎಂದೂ ಹೊಳೆದಿರಲಿಲ್ಲ. ಅದು ಮಿಕ್ಕಿದ್ದು, ತಳದಲ್ಲಿ ಉಳಿದದ್ದು ಎಂದೇ ನಾನು ತಿಳಿದಿದ್ದೆ. ಒಂದು ಕ್ಷಣ, ನಿಜ ಹೇಳುತ್ತೇನೆ, ಗೆದ್ದ ಹಾಗೆ ಅನ್ನಿಸಿತು. ಆಮೇಲೆ ಬಚ್ಚಲಿನಲ್ಲಿ ಒಬ್ಬಳೇ ಮಾತಾಡಿಕೊಳ್ಳುವ ಹತ್ತೊಂಬತ್ತರ ಹುಡುಗಿ ಕಣ್ಣ ಮುಂದೆ ಬಂದಳು.

"ಮೆಂತ್ಯ ಜಾಸ್ತಿ ಬೇಡ ಅಕ್ಕ, ಕಹಿ ಆಗುತ್ತೆ" ಎಂದೆ.

"ಆಯ್ತು ಬುಡು" ಎಂದರು.

ಇದರಿಂದ ನನ್ನ ಹೊಟ್ಟೆಕಿಚ್ಚು ಆರಿಹೋಯಿತು ಎಂದರೆ ಸುಳ್ಳಾಗುತ್ತದೆ. ಟ್ಯೂಷನ್ ಬಿಡಿಸಿದೆ. ಮಗಳು ಮತ್ತೆ ಮೇಲೆ ಹೋಗತೊಡಗಿದಳು. ಅವಳ ತೆಲುಗು ಕಿಟಕಿಯಿಂದ ಇಳಿದು ಬಂದಾಗಲೆಲ್ಲ ಎದೆಯಲ್ಲಿ ಚುರ್ ಎನ್ನುತ್ತಿತ್ತು. ಆದರೆ ನಾನು ತಿದ್ದಲು ಹೋಗಲಿಲ್ಲ. ಅಕ್ಕ ನನ್ನೊಬ್ಬಳೊಂದಿಗೆ ಕನ್ನಡ ಆಡಲು ಶುರು ಮಾಡಿದರು. ಮೊದಮೊದಲು ನಿಧಾನವಾಗಿ, ನಾಚಿಕೆಯಿಂದ, ಬೀಗ ಹಾಕಿಟ್ಟ ಕೋಣೆಗೆ ಹೋದವರ ಹಾಗೆ. ಭಾವ ಬಂದರೆ ಮಾತು ತೆಲುಗಿಗೆ ಹೊರಳುತ್ತಿತ್ತು. ಹುಡುಗಿ ಕೊನೆಯ ಸಲ ಬಂದಾಗ ಪೇಡೆ ತಂದಿದ್ದಳು. ಮೊದಲ ಡಬ್ಬಿಯನ್ನು ಮೇಲೆ ಕೊಟ್ಟು, ಎರಡನೆಯದನ್ನು ನನಗೆ ಕೊಟ್ಟಳು. ಅವಳ ಪ್ರಬಂಧದಲ್ಲಿ ನಮ್ಮ ಮನೆಯ ಮಾತು ಸೇರಿತಂತೆ, ಯಾರ ಹೆಸರೂ ಹಾಕದೆ. ನನ್ನ ಬಾಣಂತನದ ಕಥೆ ಸೇರಿಲ್ಲ ಎಂದು ಕೇಳದೆಯೇ ಗೊತ್ತಿತ್ತು.

ಕೆಲವು ವರ್ಷಗಳ ಮೇಲೆ ಭಾವ ನಿವೃತ್ತರಾಗಿ, ಅವರೂ ಅಕ್ಕನೂ ಕೆಂಗೇರಿಯ ಹತ್ತಿರ ಸಣ್ಣ ಮನೆ ಕಟ್ಟಿಕೊಂಡು ಹೋದರು. ಮಹಡಿಯನ್ನು ಬಾಗಲಕೋಟೆ ಕಡೆಯ ಹುಡುಗರಿಗೆ ಬಾಡಿಗೆಗೆ ಕೊಟ್ಟೆವು. ಮನೆಯಲ್ಲಿ ತೆಲುಗು ಕಡಿಮೆಯ ಮೇಲೆ ಕಡಿಮೆಯಾಯಿತು. ಪಿಯುಸಿಗೆ ಬಂದಿದ್ದ ಮಗಳು ಭಾನುವಾರ ಫೋನ್ ಹಿಡಿದು ಪೆದ್ದಮ್ಮನ ಜೊತೆ ಮಾತಾಡುವಾಗ ಮಾತ್ರ ಅದು ಕೇಳಿಸುತ್ತಿತ್ತು.

ಒಂದು ಸಲ ನಾನೊಬ್ಬಳೇ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಅಕ್ಕ ತರಕಾರಿಗೆ ಹೊರಟಿದ್ದರು, ನಾನೂ ಜೊತೆಯಾದೆ. ಓಣಿಗೆ ಓಣಿಯೇ ಅವರನ್ನು ಮಾತಾಡಿಸುತ್ತಿತ್ತು. ಇವರೂ ಬಿಡದೆ ಎಲ್ಲರನ್ನೂ ವಿಚಾರಿಸುತ್ತಿದ್ದರು, ಗಟ್ಟಿ ಗಂಟಲಿನಲ್ಲಿ, ತಾರಸಿಯ ಮೇಲೆ ನನಗೆ ಮಾತ್ರ ಕೇಳಿಸಿದ್ದ ಅದೇ ಕನ್ನಡದಲ್ಲಿ. ತರಕಾರಿ ಗಾಡಿಯವನು ಬಾಲ್ಯದಿಂದ ಗೊತ್ತಿದ್ದವನಂತೆ. "ಏನ್ಲಾ, ಬದನೆಕಾಯಿ ಯೆಲ್ಲಾ ಉಳ ಮಡಿಕ್ಕಂಡು ಕೂತಿದೀಯ" ಎಂದು ಅಕ್ಕ ಬೈದರು. ಅವನು "ಬಾರಕ್ಕೋ, ನಿಂಗೆ ಅಂತ ಬ್ಯಾರೆ ಎತ್ತಿಟ್ಟಿವ್ನಿ" ಎಂದು ನಕ್ಕ. ಇಬ್ಬರೂ ಯಾರದೋ ಮನೆಯ ಸುದ್ದಿ ಹಿಡಿದುಕೊಂಡು ನಿಂತುಬಿಟ್ಟರು. ಅಕ್ಕ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದರು.

ನಾನು ಚೀಲ ಹಿಡಿದು ಬಿಸಿಲಿನಲ್ಲಿ ಕಾಯುತ್ತಿದ್ದೆ. ಆ ಗಾಡಿಯವನ ಮೇಲೆ ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ. "ಬದನೆಕಾಯಿ ಬೇಡ ಅಕ್ಕ, ನಡೀರಿ, ಬಿಸಿಲು" ಎಂದು ಅವರ ತೋಳು ಹಿಡಿದು ಎಳೆದೆ.